ಮೂವತ್ತು ವರ್ಷದ ಒಂದು ನಿಮಿಷ

‘ಒಂದು ನಿಮಿಷ, ಬಂದೆ’ ಎಂದು ಎದ್ದು ಹೋದ ಗಂಡಸಿಗಾಗಿ ಪೆರೂಸಿ ಮೂವತ್ತು ವರ್ಷ ಕಾದಿದ್ದಳು. ಹಾಗೆಂದು ಲಮೇಕ ದೇಶಾಂತರ ಹೋದವನಲ್ಲ. ಅವಳನ್ನೇ ಮದುವೆಯಾಗಿ, ಅವಳು ಬೇಯಿಸಿದ್ದನ್ನೇ ಉಂಡು, ಅವಳಿ ಜವಳಿ ಹೆಣ್ಣುಮಕ್ಕಳಿಗೆ ಅಪ್ಪನಾಗಿ ಕಣ್ಣೆದುರಿಗೇ ಇದ್ದ. ಆ ಮಕ್ಕಳು ಹುಟ್ಟಿದ ದಿನದಿಂದ ಕಂಪಾಲದ ನಾಟೇಟೆ ಕೇರಿಗೆಲ್ಲ ಅವನು ಸಾಲೊಂಗೊ, ಅವಳು ನಾಲೊಂಗೊ. ಜವಳಿ ಮಕ್ಕಳ ಅಪ್ಪ, ಜವಳಿ ಮಕ್ಕಳ ಅಮ್ಮ. ಅದಕ್ಕಿಂತ ದೊಡ್ಡ ಬಿರುದು ಆ ಸೀಮೆಯಲ್ಲಿ ಇಲ್ಲ. ಗಂಡ ಹೆಂಡಿರೂ ಒಬ್ಬರನ್ನೊಬ್ಬರು ಕರೆಯುವುದು ಹಾಗೆಯೇ.

ಕಾದದ್ದು ಬೇರೆಯದಕ್ಕೆ. ಅವಳಿಗೆ ಇಪ್ಪತ್ತು ತುಂಬಿದ ವರ್ಷ, ರೇಡಿಯೋ ರಿಪೇರಿ ಮಾಡಿಕೊಂಡಿದ್ದ ಈ ಲಮೇಕ ಅವಳನ್ನು ಮೊದಲ ಬಾರಿಗೆ ಸಿನಿಮಾಕ್ಕೆ ಕರೆದುಕೊಂಡು ಹೋದ. ಸಿನಿಮಾ ಎಂದರೆ ತಗಡಿನ ಒಂದು ಕೊಟ್ಟಿಗೆ, ಎಂಟು ಸಾಲು ಬೆಂಚು, ಎದುರಿಗೆ ಒಂದು ಟಿ.ವಿ. ಇಬ್ಬರ ನಡುವೆ ಕಾಗದದ ಪೊಟ್ಟಣದಲ್ಲಿ ಹುರಿದ ಕಡಲೆಕಾಯಿ. ಅಂಥ ಕಡೆಗಳಲ್ಲಿ ಇಂಗ್ಲಿಷ್ ಸಿನಿಮಾದ ಮಾತು ತಗ್ಗಿಸಿ, ಮೈಕು ಹಿಡಿದು, ಅಲ್ಲಿಯದನ್ನು ಅಲ್ಲಿಯೇ ಊರಿನ ಭಾಷೆ ಲುಗಾಂಡದಲ್ಲಿ ಕಥೆ ಮಾಡಿ ಹೇಳುವವನೊಬ್ಬ ಇರುತ್ತಾನೆ. ಅವನಿಗೆ ವಿಜೆ ಎನ್ನುತ್ತಾರೆ. ಅವನಿಲ್ಲದೆ ಆಟವಿಲ್ಲ. ಅಂದು ಆ ವಿಜೆ ಎಲ್ಲೋ ಕುಡಿದು ಬಿದ್ದಿದ್ದ. ಜನ ತಗಡು ಬಡಿಯತೊಡಗಿದರು. ಲಮೇಕ ಕೈಯಲ್ಲಿದ್ದ ಕಡಲೆಕಾಯಿಯನ್ನು ಅವಳ ಮಡಿಲಿಗೆ ಹಾಕಿ, ‘ಒಂದು ನಿಮಿಷ, ಬಂದೆ’ ಎಂದು ಎದ್ದು ಹೋಗಿ ಮೈಕು ಹಿಡಿದ.

ಕಡಲೆಕಾಯಿ ಮುಗಿಯಿತು. ಸಿನಿಮಾ ಮುಗಿಯಿತು. ಲಮೇಕ ಬರಲಿಲ್ಲ. ಜನ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಹೊರಗೆ ಹೋದರು, ಅವಳು ಸಿಪ್ಪೆ ಕೊಡವಿಕೊಂಡು ಒಬ್ಬಳೇ ಮನೆಗೆ ಹೋದಳು.

‘ಬಾಯಿ ಬಿಟ್ಟರೆ ಇನ್ನೇನೂ ಇಲ್ಲದವನಿಗೆ ನಮ್ಮ ಹುಡುಗಿಯನ್ನು ಕೊಡುವುದಿಲ್ಲ’ ಎಂದು ಪೆರೂಸಿಯ ದೊಡ್ಡಪ್ಪ ಕಸೋಜಿ ಕಡ್ಡಿ ಮುರಿದ ಹಾಗೆ ಹೇಳಿದ. ಕೊನೆಗೆ ಅದೇ ವರ್ಷ ಕೊಟ್ಟನೆನ್ನಿ. ಲಮೇಕ ಮಾತ್ರ ಅದನ್ನು ಮರೆಯಲಿಲ್ಲ. ಮುಂದೆ ಆ ಕೊಟ್ಟಿಗೆಯ ವಿಜೆಯಾಗಿ ಅವನು ಕಥೆ ಹೇಳಿದ ಒಂದೊಂದು ಸಿನಿಮಾದಲ್ಲೂ, ಖಳನಾಯಕ ಯಾವ ದೇಶದವನಾಗಿರಲಿ, ಅವನ ಹೆಸರು ಕಸೋಜಿ. ದೊಡ್ಡಪ್ಪ ನಿಜವಾಗಿ ತೀರಿಕೊಳ್ಳುವ ಹೊತ್ತಿಗೆ ನಾಟೇಟೆಯಲ್ಲಿ ನಾನೂರು ಸಲವಾದರೂ ಗುಂಡೇಟು ತಿಂದು, ಬಂಡೆಯಿಂದ ಉರುಳಿ, ಮೊಸಳೆಯ ಬಾಯಿಗೆ ಸಿಕ್ಕಿ ಸತ್ತಿದ್ದ. ಉತ್ತರಕ್ರಿಯೆಗೆ ಬಂದ ಹುಡುಗರು, ‘ಈ ಸಲ ನಿಜವೇ?’ ಎಂದು ಕೇಳಿದರಂತೆ.

ಪೆರೂಸಿ ಆ ಕೊಟ್ಟಿಗೆಯ ಬಾಗಿಲಲ್ಲೇ ಒಲೆ ಹೂಡಿ ಮರಗೆಣಸು ಕರಿದು ಮಾರಿದಳು. ಊರೆಲ್ಲ ಒಳಗೆ ಕೂತು ನೋಡಿದ್ದನ್ನು ಅವಳು ಹೊರಗೆ ನಿಂತು ಕೇಳಿದಳು. ತಗಡಿನ ಆಚೆ ಗಂಡನ ಗಂಟಲು ಅಳುತ್ತಿತ್ತು, ಗುಡುಗುತ್ತಿತ್ತು, ಹೆಣ್ಣು ದನಿಯಲ್ಲಿ ಒಲಿಯುತ್ತಿತ್ತು. ಜನ ಕಣ್ಣೊರೆಸಿಕೊಂಡು ಬಂದು ಮರಗೆಣಸು ಕೊಳ್ಳುತ್ತಿದ್ದರು. ಅವಳಿಗೆ ಹೆಮ್ಮೆಯಿತ್ತು, ಇಲ್ಲವೆನ್ನಲಾಗದು. ಆದರೆ ಹೆಮ್ಮೆಯ ಪಕ್ಕದಲ್ಲಿ ಕೂರಲಾಗುತ್ತದೆಯೇ? ಬೇರೆ ಹೆಂಗಸರ ಗಂಡಂದಿರು ಅವರವರ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಇವಳ ಗಂಡ ಎಲ್ಲರಿಗೂ ಸಿಗುತ್ತಿದ್ದ, ಇವಳಿಗಲ್ಲ.

ಮದುವೆಯಾಗಿ ಹತ್ತು ವರ್ಷ ತುಂಬಿದ ದಿನ ಅವಳು ಹಟ ಮಾಡಿ ಅವನನ್ನು ಪೇಟೆಯ ದೊಡ್ಡ ಟಾಕೀಸಿಗೆ ಎಳೆದುಕೊಂಡು ಹೋದಳು. ದೀಪ ಆರಿದ ಕೂಡಲೇ, ‘ಒಂದು ನಿಮಿಷ, ಮೇಲೆ ಯಂತ್ರ ಹೇಗಿದೆ ನೋಡಿ ಬಂದೆ’ ಎಂದು ಎದ್ದವನು ಕೊನೆಯ ದೃಶ್ಯಕ್ಕೆ ಇಳಿದು ಬಂದ. ಇಪ್ಪತ್ತನೆಯ ವರ್ಷ ಹೊಸ ಕ್ಯಾಸೆಟ್ಟು ಬಂದಿದೆಯೆಂಬ ನೆವ. ಈಗ ಎಲ್ಲರ ಅಂಗೈಯಲ್ಲೂ ಫೋನು, ಫೋನಿನಲ್ಲೇ ಸಿನಿಮಾ. ಕೊಟ್ಟಿಗೆ ಮುಚ್ಚಿ ವರ್ಷವಾಯಿತು, ಒಳಗೆ ಯಾರೋ ಮರದ ಹಲಗೆ ಪೇರಿಸಿದ್ದಾರೆ. ಲಮೇಕ ಮನೆಯಲ್ಲಿ ರೇಡಿಯೋಕ್ಕೆ ಎದುರುತ್ತರ ಕೊಡುತ್ತಾ ಕೂತಿರುತ್ತಾನೆ. ನೆವಗಳೆಲ್ಲ ಮುಗಿದವು ಎಂದು ಪೆರೂಸಿ ಲೆಕ್ಕ ಹಾಕಿದಳು.

ಮಂಗಳವಾರ ಬೆಳಿಗ್ಗೆ ಅವನಿಗೆ ಮೊಣಕಾಲೂರಿ ಚಹಾ ಕೊಟ್ಟಳು. ಮೊಣಕಾಲೂರಿದಳೆಂದು ಶರಣಾದಳು ಎಂದುಕೊಂಡವನು ಮೂರ್ಖ. ಬುಗಾಂಡ ಸೀಮೆಯ ಹೆಂಗಸರು ತಮ್ಮ ಗಟ್ಟಿ ಮಾತುಗಳನ್ನೆಲ್ಲ ಆಡುವುದು ಮೊಣಕಾಲ ಮೇಲೆಯೇ.

“ಸಾಲೊಂಗೊ, ಇವತ್ತಿಗೆ ನಮ್ಮ ಮದ್ವೆಯಾಗಿ ಮೂವತ್ತು ವರ್ಷ ಆಯ್ತು.”

“ಗೊತ್ತು ನಾಲೊಂಗೊ. ಅದಕ್ಕೇ ಬೆನ್ನು ನೋಯ್ತಿದೆ.”

“ಗುಡ್ಡದ ಮೇಲಿನ ಮಾಲ್‌ನಲ್ಲಿ ಮಲಗಿಕೊಂಡು ನೋಡೋ ಟಾಕೀಸು ಇದೆಯಂತೆ. ಎರಡರ ಆಟಕ್ಕೆ ಹೋಗ್ತಿದ್ದೀವಿ. ಶುರುವಿಂದ ಕೊನೇವರೆಗೂ ನೀವು ನನ್ನ ಪಕ್ಕದಲ್ಲಿ ಕೂತಿರ್ಬೇಕು. ಏಳೋ ಹಾಗಿಲ್ಲ. ಬಾಯಿ ಬಿಡೋ ಹಾಗಿಲ್ಲ.”

“ಬಾಯಿ ಯಾಕೆ?”

“ಅದು ಬಿಟ್ಟರೆ ನೀವು ಅಲ್ಲಿರಲ್ಲ, ಮೈಕಲ್ಲಿ ಇರ್ತೀರಿ.”

ಲಮೇಕ ಚಹಾ ಆರುವವರೆಗೂ ಊದಿದ. ಹೊಟ್ಟೆ ಸರಿಯಿಲ್ಲ ಎಂದ. ಮಾಲ್‌ನ ಗಾಳಿ ತಣ್ಣಗಿರುತ್ತದೆ, ಗಂಟಲಿಗಾಗದು ಎಂದ. ಪೆರೂಸಿ ಮೊಣಕಾಲೂರಿದಲ್ಲಿಂದ ಅಲ್ಲಾಡಲಿಲ್ಲ. ಕೊನೆಗೆ ಜವಳಿ ಮಕ್ಕಳ ಮೇಲೆ ಆಣೆ ಹಾಕಿಸಿಕೊಂಡಳು. ಆ ಆಣೆ ಮುರಿದರೆ ಹೆತ್ತವರ ಮೈಮೇಲೆ ಬೊಬ್ಬೆಗಳೇಳುತ್ತವೆ. ಲಮೇಕನಿಗೆ ದೇವರ ಭಯ ಅಷ್ಟಿಲ್ಲದಿದ್ದರೂ ಬೊಬ್ಬೆಗಳ ಭಯವಿತ್ತು.

ಅವನಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿತ್ತು. ಎರಡು ವರ್ಷದಿಂದ ಪ್ರತಿ ಬುಧವಾರ ಚರ್ಚಿನಲ್ಲಿ ಹಾಡಿನ ಅಭ್ಯಾಸವೆಂದು ಹೇಳಿ ಹೋಗುತ್ತಿದ್ದವಳು ಹಾಡುತ್ತಿರಲಿಲ್ಲ. ದೊಡ್ಡವರ ಓದಿನ ತರಗತಿಯಲ್ಲಿ, ಮಗಳ ವಯಸ್ಸಿನ ಟೀಚರಮ್ಮನ ಎದುರು ಕೂತು ಇಂಗ್ಲಿಷ್ ಕಲಿಯುತ್ತಿದ್ದಳು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳಿಗೆ ಅದೇನು ಸುಲಭವೇ? ಮರಗೆಣಸು ಕಟ್ಟುವ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ಮೊದಲು ಓದಿ, ಆಮೇಲೆ ಹರಿದು ಕಟ್ಟುತ್ತಿದ್ದಳು. ‘ನಾಲೊಂಗೊ, ಗೆಣಸು ತಣ್ಣಗಾಯ್ತು’ ಎಂದು ಗಿರಾಕಿಗಳು ಗೊಣಗುತ್ತಿದ್ದರು. ಗಂಡನ ಪಕ್ಕದಲ್ಲಿ ಕೂತು, ಅವನಿಗೆ ತಿಳಿದದ್ದು ಅದೇ ಕ್ಷಣಕ್ಕೆ ತನಗೂ ತಿಳಿಯಬೇಕು, ಇಬ್ಬರೂ ಒಟ್ಟಿಗೆ ನಗಬೇಕು. ಅವಳಿಗೆ ಬೇಕಾಗಿದ್ದು ಇಷ್ಟೇ.

ಒಂದೂವರೆಗೆ ಗುಡ್ಡ ಹತ್ತಿದರು. ಅವನು ಬಿಳಿಯ ಕಾನ್ಜು ನಿಲುವಂಗಿಯ ಮೇಲೆ ಕರಿಯ ಕೋಟು ಹಾಕಿದ್ದ. ಅವಳು ಹೆಗಲು ಚೂಪಾಗಿ ನಿಲ್ಲುವ ನೇರಳೆ ಗೊಮೆಸಿ ಉಟ್ಟು, ಸೊಂಟಕ್ಕೆ ಅಗಲದ ಪಟ್ಟಿ ಬಿಗಿದಿದ್ದಳು. ಆ ಪಟ್ಟಿಯ ಮಡಿಕೆಯೊಳಗೆ ಒಂದು ಪೊಟ್ಟಣ ಕರಿದ ಮರಗೆಣಸು. ಹೊರಗಿನ ತಿಂಡಿ ತರಬಾರದೆಂಬ ಬೋರ್ಡನ್ನು ಅವಳೇ ಓದಿದ್ದಳು, ಓದಿಯೇ ಇನ್ನಷ್ಟು ಬಿಗಿದಿದ್ದಳು.

ಟಿಕೆಟ್ಟಿನ ಹುಡುಗಿ ಎರಡು ಸಿನಿಮಾಗಳ ಪೋಸ್ಟರ್ ತೋರಿಸಿದಳು. ಒಂದರಲ್ಲಿ ಹೊತ್ತಿ ಉರಿಯುವ ಕಾರುಗಳು. ಇನ್ನೊಂದರಲ್ಲಿ ಒಂದು ಮನೆ, ಒಂದು ದೋಣಿ, ಸಪ್ಪೆ ಮುಖದ ನಾಲ್ಕು ಜನ.

“ಇದು, ಇದು,” ಲಮೇಕ ಉರಿಯುವ ಕಾರಿನ ಮೇಲೆ ಬೆರಳಿಟ್ಟ. “ನೋಡಿದ್ರೇ ಗೊತ್ತಾಗುತ್ತೆ, ಒಳ್ಳೇ ಚಿತ್ರ.”

“ಅದರಲ್ಲಿ ಏನು ಮಾತಾಡ್ತಾರೆ, ಕಾರುಗಳಾ? ಇದು ಕೊಡಮ್ಮ, ಮಾತಿರೋದು.”

“ಇದ್ರಲ್ಲಿ ಬರೀ ಮಾತು, ಅಮ್ಮ,” ಎಂದಳು ಹುಡುಗಿ ಎಚ್ಚರಿಸುವಂತೆ.

“ಅದೇ ಬೇಕು.”

ಎತ್ತು ಏರಿಗೆ, ಕೋಣ ನೀರಿಗೆ. ಆದರೆ ಟಿಕೆಟ್ಟು ಪೆರೂಸಿಯ ಕೈಯಲ್ಲಿತ್ತು. ಲಮೇಕನ ಮುಖ ಸಣ್ಣದಾದದ್ದನ್ನು ಅವಳು ನೋಡಿದಳು. ಹೊಡೆದಾಟದ ಹುಚ್ಚು ಎಂದುಕೊಂಡು ಸುಮ್ಮನಾದಳು.

ಒಳಗೆ ಕುರ್ಚಿಗಳು ಇಬ್ಬಿಬ್ಬರಿಗೆ ಒಂದೊಂದು ಮರೆ ಮಾಡಿದ ಗೂಡಿನಲ್ಲಿದ್ದವು. ಒಂದೊಂದು ಕುರ್ಚಿಯೂ ಹಸುವಿನಷ್ಟು ದಪ್ಪ. ಪೆರೂಸಿ ಗೋಡೆಯ ಬದಿಗೆ ಗಂಡನನ್ನು ತಳ್ಳಿ, ದಾರಿಯ ಬದಿಗೆ ತಾನು ಕೂತಳು. ಕೈ ತಾಗಿ ಯಾವುದೋ ಗುಂಡಿ ಒತ್ತಿಹೋಯಿತು. ಕುರ್ಚಿ ಗುರ್ರೆಂದು ಅವಳ ಕಾಲೆರಡನ್ನೂ ಮೇಲಕ್ಕೆತ್ತಿತು. ಹುಟ್ಟಿದಂದಿನಿಂದ ಚಾಪೆಯ ಮೇಲೆ ಕಾಲು ಮಡಚಿ ಕೂತ ಹೆಂಗಸು, ಗಂಡನ ಎದುರು ಪಾದ ಆಕಾಶಕ್ಕೆ ಮಾಡಿ ಮಲಗುವುದೆಂದರೇನು.

“ಇಳಿಸಿ ಇದನ್ನ, ಇಳಿಸಿ.”

“ಬಾಯಿ ಬಿಡೋ ಹಾಗಿಲ್ಲ ಅಂದಿದ್ಯಲ್ಲ,” ಎಂದು ಲಮೇಕ ಅಂದು ಮೊದಲ ಸಲ ನಕ್ಕ. ರಿಪೇರಿಯವನ ಕೈ, ಗುಂಡಿ ಹುಡುಕಿ ಕಾಲು ಇಳಿಸಿಕೊಟ್ಟಿತು.

ದೀಪ ಆರಿತು. ಪರದೆಯ ಮೇಲೆ ಸಮುದ್ರ ಬಂತು. ಸದ್ದಡಗಿದ ಒಡನೆ ಲಮೇಕನ ಗಂಟಲು ತಾನಾಗಿಯೇ ಕೆರೆಯಿತು. “ಹ್ಞಾಂ, ನಾಟೇಟೆಯ ಮಹಾಜನರೇ, ನೋಡಿ ಇವತ್ತು...” ಹುಟ್ಟುಗುಣ ಸುಟ್ಟರೂ ಹೋಗದು. ಪೆರೂಸಿ ಅವನ ತೊಡೆ ಚಿವುಟಿದಳು. ಅವನು ಬಾಯಿ ಮುಚ್ಚಿದ. ಅವಳು ಕತ್ತಲೆಯಲ್ಲಿ ಅವನ ಕೈ ಹಿಡಿದುಕೊಂಡಳು. ಹೆಗಲಿಗೆ ಹೆಗಲು ತಾಗುತ್ತಿತ್ತು. ಇದನ್ನೇ ಅವಳು ಇಷ್ಟು ವರ್ಷ ಬಯಸಿದ್ದು.

ಕಥೆ ಶುರುವಾಯಿತು. ಯಾವುದೋ ಚಳಿ ದೇಶ. ಅಪ್ಪ ಸತ್ತಿದ್ದಾನೆ, ಅವನ ಹಳೆಯ ದೋಣಿಯೊಂದಿದೆ. ಮಗ ಮಾರಬೇಕೆನ್ನುತ್ತಾನೆ, ಹಿರಿಯ ಮಗಳು ಕೂಡದೆನ್ನುತ್ತಾಳೆ. ಪೆರೂಸಿಗೆ ಹತ್ತು ಮಾತಿಗೆ ಆರು ತಿಳಿದವು. ಆರು! ಮರಗೆಣಸಿನ ಕಾಗದದಲ್ಲಿ ಕಂಡ ಪದಗಳೆಲ್ಲ ಜೀವಂತ ಜನರ ಬಾಯಿಂದ ಒಂದೊಂದಾಗಿ ಬರುತ್ತಿದ್ದವು. ಮಗ ವಕೀಲನನ್ನು ‘ಸರ್’ ಎನ್ನುವ ಬದಲು ಬಾಯಿ ತಪ್ಪಿ ‘ಅಪ್ಪ’ ಎಂದ. ಅವಳು ನಕ್ಕಳು. ಟಾಕೀಸೂ ನಕ್ಕಿತು. ಲಮೇಕನೂ ನಕ್ಕ, ಆದರೆ ಎಲ್ಲರೂ ನಕ್ಕಾದ ಮೇಲೆ.

ಅವಳು ಅದನ್ನು ಗಮನಿಸದೆ ಇರಬಹುದಿತ್ತು. ಆದರೆ ಸ್ವಲ್ಪ ಹೊತ್ತಿಗೆ ಹಿರಿಯ ಮಗಳು, ಅಪ್ಪನ ಕೊನೆಯ ದಿನ ತಾನು ಬರಲಿಲ್ಲವೆಂದು ಹೇಳುತ್ತಿದ್ದಳು. ಟಾಕೀಸೆಲ್ಲ ಮೌನ. ಲಮೇಕ ಒಬ್ಬನೇ ‘ಹ್ಹೆ ಹ್ಹೆ’ ಎಂದ. ಮುಂದಿನ ಗೂಡಿನಿಂದ ಒಂದು ತಲೆ ತಿರುಗಿ ನೋಡಿತು. ಪೆರೂಸಿ ಗಂಡನ ಕಡೆ ತಿರುಗಿದಳು. ಅವನು ಪರದೆ ನೋಡುತ್ತಿರಲಿಲ್ಲ. ಮುಂದಿನವರ ತಲೆಗಳನ್ನು ನೋಡುತ್ತಿದ್ದ. ಅವು ಯಾವಾಗ ಅಲ್ಲಾಡುತ್ತವೆ, ತಾನು ಯಾವಾಗ ನಗಬೇಕು ಎಂದು ಕಾಯುತ್ತಿದ್ದ.

ಇವನಿಗೆ ಇಂಗ್ಲಿಷ್ ಬರುವುದಿಲ್ಲ.

ಒಮ್ಮೆಲೇ ಎಲ್ಲವೂ ಅದರದರ ಜಾಗಕ್ಕೆ ಬಂದು ಕೂತವು. ಪ್ರತಿ ಸಿನಿಮಾವನ್ನೂ ಮುಂಚೆ ಒಬ್ಬನೇ ಮೂರು ಸಲ ನೋಡದೆ ಆಟಕ್ಕೆ ಇಡದಿದ್ದುದು. ಹೊಡೆದಾಟದ ಚಿತ್ರಗಳನ್ನೇ ತರಿಸುತ್ತಿದ್ದುದು. ಮೇಲಿನ ಯಂತ್ರ. ಹೊಟ್ಟೆನೋವು. ‘ಮನಿ’, ‘ಪೊಲೀಸ್’, ‘ಐ ಲವ್ ಯೂ’ ಎಂಬ ಐದಾರು ಮಾತು ಇಟ್ಟುಕೊಂಡು ಮೂವತ್ತು ವರ್ಷ ಒಂದು ಕೇರಿಗೆ ಕೇರಿಯನ್ನೇ ಅಳಿಸಿದ್ದ, ನಗಿಸಿದ್ದ. ಮಿಕ್ಕಿದ್ದೆಲ್ಲ ಅವನದೇ.

ಪೆರೂಸಿಗೆ ಮೊದಲು ಬಂದದ್ದು ಸಿಟ್ಟು. ತಗಡಿನ ಆಚೆ ನಿಂತು ತಾನು ಸುರಿಸಿದ ಕಣ್ಣೀರಿಗೆ ಏನರ್ಥ? ಊರಿನ ಕಿವಿಯ ಮೇಲೆ ಹೂವಿಟ್ಟದ್ದಲ್ಲದೆ ಹೆಂಡತಿಯ ಕಿವಿಯ ಮೇಲೂ ಇಟ್ಟನಲ್ಲ. ಕೈ ಬಿಡಿಸಿಕೊಳ್ಳೋಣವೆಂದು ನೋಡಿದಳು. ಅಷ್ಟರಲ್ಲಿ ಅವನೇ ಬಿಡಿಸಿಕೊಂಡ.

“ಸಿನಿಮಾನೇ ಸರಿಯಿಲ್ಲ, ನಾಲೊಂಗೊ,” ಎಂದು ಪಿಸುಗುಟ್ಟಿದ. “ಕಥೆಯಿಲ್ಲ, ಏನಿಲ್ಲ. ಒಂದು ನಿಮಿಷ, ಬಂದೆ.”

ಕುಣಿಯಲಾರದವನಿಗೆ ನೆಲ ಡೊಂಕು. ಆದರೆ ಆ ದನಿಯಲ್ಲಿ ಮೈಕಿನ ಲಮೇಕ ಇರಲಿಲ್ಲ. ಪಾಠ ಬಾರದೆ ತರಗತಿಯ ಹಿಂದಿನ ಸಾಲಲ್ಲಿ ತಲೆ ತಗ್ಗಿಸಿ ಕೂತವರನ್ನು ಅವಳು ಎರಡು ವರ್ಷದಿಂದ ನೋಡುತ್ತಾ ಬಂದಿದ್ದಳು. ತಾನೂ ಹಾಗೇ ಕೂತಿದ್ದಳು. ಅವರ ದನಿ ಹಾಗಿರುತ್ತದೆ. ಸಿಟ್ಟು ಇಳಿಯಲಿಲ್ಲ, ಆದರೆ ಅದರ ಪಕ್ಕದಲ್ಲೇ ಅಯ್ಯೋ ಎನಿಸಿತು.

ಈಗ ಎದ್ದು ಹೋದರೆ ಇವನು ಇನ್ನೆಂದೂ ಕೂರುವುದಿಲ್ಲ. ‘ನನಗೆ ಗೊತ್ತಾಯಿತು’ ಎಂದರೆ ಮನೆಗೇನೋ ಬಂದಾನು, ಮೊದಲಿನ ಲಮೇಕನಾಗಿ ಬರಲಾರ. ಅವಳು ಅವನ ಕಾನ್ಜುವಿನ ತೋಳನ್ನು ಮುಷ್ಟಿಯಲ್ಲಿ ಹಿಡಿದಳು. ಮೂವತ್ತು ವರ್ಷ ಕಾದದ್ದು ಇವನನ್ನು ಹೊರಗೆ ಕಳಿಸಲಿಕ್ಕಲ್ಲ. ತಾನೇ ಹಾಕಿದ ಮೌನದ ಕಟ್ಟಳೆಯನ್ನು ತಾನೇ ಮುರಿದು, ಅವನ ಕಿವಿಗೆ ಬಾಯಿ ಹಚ್ಚಿದಳು.

“ಆ ಕೋಟಿನವನಿದ್ದಾನಲ್ಲ, ಅವನೇ ಕಸೋಜಿ.”

ಲಮೇಕ ಅರ್ಧ ಎದ್ದವನು ಹಾಗೇ ನಿಂತ.

“ಅಪ್ಪ ಸತ್ತು ಮಣ್ಣು ಒಣಗಿಲ್ಲ, ದೋಣಿ ಮಾರ್ತೀನಿ ಅಂತಿದ್ದಾನೆ, ನಾಲಾಯಕ್ಕು. ಅಕ್ಕ ಬೇಡ ಅಂತಿದ್ದಾಳೆ. ಕೂತ್ಕೊಳ್ಳಿ.”

ಅವನು ಕೂತ. ಪರದೆಯ ಬೆಳಕು ಅವನ ಮುಖದ ಮೇಲೆ ಬಂದು ಹೋಗುತ್ತಿತ್ತು. ಅವನು ಅವಳ ಕಡೆ ನೋಡಲಿಲ್ಲ.

“ಅವನು ಮಾರ್ತೀನಿ ಅಂದಿದ್ದು ಯಾವಾಗ?” ಎಂದ ಕೊನೆಗೆ.

“ಈಗ. ವಕೀಲನ ಹತ್ರ.”

“ನಿಂಗೆ ಇದು ಯಾವಾಗ ಬಂತು?”

“ಗೆಣಸು ಕಟ್ತಾ ಕಟ್ತಾ.”

ಪೆರೂಸಿ ಪಟ್ಟಿಯೊಳಗಿನ ಪೊಟ್ಟಣ ಬಿಚ್ಚಿ ಇಬ್ಬರ ನಡುವೆ ಇಟ್ಟಳು. ಅವನು ಒಂದು ಚೂರು ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಪರದೆಯ ಮೇಲೆ ಹಿರಿಯ ಮಗಳು ತಮ್ಮನಿಗೆ ಏನೋ ಒದರಿ ಬಾಗಿಲು ದಡಾರನೆ ಹಾಕಿಕೊಂಡಳು.

“ಏನಂದ್ಲು?” ಎಂದ ಲಮೇಕ.

ಏನಂದಳು! ಊರಿಗೆಲ್ಲ ಅದನ್ನು ಹೇಳುತ್ತಾ ಬಂದವನು, ತಲೆ ಅವಳ ಕಡೆ ಬಾಗಿಸಿ, ಕಿವಿ ಕೊಟ್ಟು ಕೇಳುತ್ತಿದ್ದ. ಪೆರೂಸಿಯ ಕಣ್ಣು ಮಂಜಾದವು. ಮಂಜಾದರೆ ನಡೆಯುವುದಿಲ್ಲ, ಕಥೆ ತಪ್ಪುತ್ತದೆ ಎಂದು ಗೊಮೆಸಿಯ ತೋಳಿಗೆ ಒರೆಸಿಕೊಂಡಳು.

ಹೇಳುತ್ತಾ ಹೋದಳು. ಪಿಸುದನಿಯಲ್ಲಿ, ಪರದೆಯ ಹಿಂದೆಯೇ ಓಡುತ್ತಾ. ವಕೀಲನಿಗೆ ಕೇರಿಯ ಕಟುಕನ ಹೆಸರಿಟ್ಟಳು. ಸತ್ತ ಅಪ್ಪನ ಒಳ್ಳೆಯತನವನ್ನು ಎರಡು ಮಾತು ಹೆಚ್ಚಿಗೆ ಹೊಗಳಿದಳು. ತಿಳಿಯದ ನಾಲ್ಕು ಮಾತು ಬಂದಾಗಲೆಲ್ಲ ನಿಲ್ಲಲು ಪುರುಸೊತ್ತಿರಲಿಲ್ಲ, ತಾನೇ ಕಟ್ಟಿದಳು. ಕಟ್ಟುವಾಗ ಗೊತ್ತಾಯಿತು ಅವಳಿಗೆ, ಇದೇನು ಮೋಸದ ಕೆಲಸವಲ್ಲ. ಕೇಳುವವರ ಉಸಿರು ಹಿಡಿದುಕೊಂಡು ನಡೆಸಬೇಕು, ಬಿಟ್ಟರೆ ಬಿದ್ದೇಹೋಗುತ್ತದೆ. ಇವನು ಮೂವತ್ತು ವರ್ಷ ಅದನ್ನು ಬೀಳಗೊಟ್ಟಿರಲಿಲ್ಲ. ತಗಡಿನ ಆಚೆ ತಾನು ಅತ್ತಿದ್ದು ಸಿನಿಮಾಕ್ಕಲ್ಲ, ಇವನಿಗೇ. ಹಾಗಿದ್ದರೆ ಆ ಕಣ್ಣೀರು ದಂಡವಾಗಲಿಲ್ಲ.

ಕೊನೆಗೆ ಅಕ್ಕ ತಮ್ಮ ದೋಣಿಯಲ್ಲಿ ಎದುರುಬದುರು ಕೂತರು. ಅಕ್ಕ ಉದ್ದಕ್ಕೆ ಏನೋ ಹೇಳಿದಳು, ಪೆರೂಸಿಗೆ ಅದರಲ್ಲಿ ಎರಡೇ ಪದ ಸಿಕ್ಕಿದವು.

“ಏನಂತಾಳೆ?”

“ದೋಣಿ ನಿಂಗೆ ಇರ್ಲಿ, ತಮ್ಮ. ನಂಗೆ ಅಪ್ಪ ಕೂರ್ತಿದ್ದ ಹಲಗೆ ಮಾತ್ರ ಬಿಡು. ನಾನು ಬಂದಾಗ ಕೂತು ಹೋಗ್ತೀನಿ ಅಂತಾಳೆ.”

ಲಮೇಕ ಗೆಣಸು ನುಂಗಿದ. “ಇದು ನೀನು ಕಟ್ಟಿದ್ದು.”

“ನಿಮಗೆ ಹೇಗೆ ಗೊತ್ತು?”

“ಬಿಳಿಯರು ಅಷ್ಟು ಚೆನ್ನಾಗಿ ಮಾತಾಡಲ್ಲ, ನಾಲೊಂಗೊ. ಇಷ್ಟು ವರ್ಷ ನಾನೇ ಮಾತಾಡಿಸಿದ್ದೀನಿ, ನಂಗೆ ಗೊತ್ತಿಲ್ವಾ?”

ಅವನು ಒಪ್ಪಿಕೊಂಡದ್ದು ಅಷ್ಟೇ. ಅವಳು ಕೇಳಿದ್ದೂ ಅಷ್ಟೇ. ಇಬ್ಬರೂ ಒಟ್ಟಿಗೆ ನಕ್ಕರು, ನಗಬಾರದ ಜಾಗದಲ್ಲಿ. ಮುಂದಿನ ಗೂಡಿನ ತಲೆ ಮತ್ತೆ ತಿರುಗಿತು. ಈ ಸಲ ಪೆರೂಸಿ ಅದನ್ನು ದಿಟ್ಟಿಸಿ ನೋಡಿದ್ದಕ್ಕೆ ಅದು ತಾನಾಗಿ ಮುಂದಕ್ಕೆ ಹೋಯಿತು.

ಪರದೆ ಕಪ್ಪಾಯಿತು. ಬಿಳಿಯ ಅಕ್ಷರಗಳು ಕೆಳಗಿನಿಂದ ಮೇಲಕ್ಕೆ ಹರಿಯತೊಡಗಿದವು. ಲಮೇಕ ಕೋಟು ಸರಿಪಡಿಸಿಕೊಂಡು ಎದ್ದ. ಕೊಟ್ಟಿಗೆಯಲ್ಲಿ ಅವನೆಂದೂ ಇದನ್ನು ಓಡಗೊಟ್ಟವನಲ್ಲ. ಕಥೆ ಮುಗಿದ ಕೂಡಲೇ ಕ್ಯಾಸೆಟ್ಟು ಕಿತ್ತು ಮುಂದಿನ ಆಟ.

“ಮುಗೀತು, ನಡಿ.”

“ಮುಗಿದಿಲ್ಲ. ಹೆಸರು ಬರ್ತಿವೆ. ಕೊನೇವರೆಗೂ ಅಂದಿದ್ದೆ ನಾನು.”

“ಹೆಸರು ಯಾರು ನೋಡ್ತಾರೆ?”

“ನಾನು. ಓದಕ್ಕೆ ಬರುತ್ತೆ ನಂಗೆ. ಕೂತ್ಕೊಳ್ಳಿ.”

ಅವನು ಮತ್ತೆ ಕೂತ. ಪೆರೂಸಿ ಬೆರಳು ತೋರಿಸುತ್ತಾ ಒಂದೊಂದೇ ಹೆಸರನ್ನು ಅಕ್ಷರ ಕೂಡಿಸಿ ಓದಿ ಹೇಳಿದಳು, ದೀಪ ಹಿಡಿದವರದು, ಅಡುಗೆ ಮಾಡಿದವರದು, ದೋಣಿ ಕೊಟ್ಟವರದು. ಹೆಸರುಗಳು ಅವಳಿಗಿಂತ ಬೇಗ ಓಡುತ್ತಿದ್ದವು. ಅವಳು ಬಿಡಲಿಲ್ಲ. ಲಮೇಕ ಒಂದೊಂದಕ್ಕೂ ತಲೆಯಾಡಿಸಿದ. ಉಳಿದವರೆಲ್ಲ ಹೊರಗೆ ಹೋದರು. ದೀಪಗಳು ಹತ್ತಿದವು. ಪೊರಕೆ ಹಿಡಿದ ಹೆಂಗಸೊಬ್ಬಳು ಬಂದು ಗೂಡಿನ ಪಕ್ಕ ನಿಂತು, ಆಟ ಮುಗಿಯಿತು, ಏಳಿ ಎಂಬಂತೆ ನೋಡಿದಳು.

ಲಮೇಕ ಹೆಂಡತಿಯ ಕೈ ಬಿಡದೆ, ಪರದೆಯಿಂದ ಕಣ್ಣು ತೆಗೆಯದೆ ಪೊರಕೆಯವಳಿಗೆ ಹೇಳಿದ:

“ಒಂದು ನಿಮಿಷ, ತಾಯಿ.”